ಹಳದಿ ಊರಿಗೆ ಏಳು ಕಿಲೋ

ಈ ವರ್ಷ ರಜೆಗೆ ನಾನು ಊರಿಗೆ ಬರುವುದಿಲ್ಲ ಎಂದಾಗ ನನ್ನ ಗಂಡ ಮೊದಲು ಕೇಳಿದ್ದು, “ಎಂತ, ಡಾಕ್ಟ್ರು ಎಂತಾದ್ರೂ ಹೇಳಿದ್ರಾ?” ಎಂದು. ಕಾಯಿಲೆ ಇಲ್ಲದೆ ಊರಿನ ಟಿಕೆಟ್ ಬೇಡವೆನ್ನುವ ಹೆಂಗಸು ಅವರ ಪ್ರಕಾರ ಇನ್ನೂ ಹುಟ್ಟಿಲ್ಲ. ನಾನು ಚಪಾತಿ ಲಟ್ಟಿಸುತ್ತಿದ್ದೆ. ಲಟ್ಟಣಿಗೆ ಕೆಳಗಿಡದೆಯೇ ಹೇಳಿದೆ.

“ನನಗೆ ಎಂತ ರೋಗವೂ ಇಲ್ಲ. ಸೆಪ್ಟೆಂಬರಿನಲ್ಲಿ ಏಳು ದಿನ ಇಟಲಿಗೆ ಹೋಗ್ತೇನೆ. ಸಿರಾಕೂಸಾ ಅಂತ ಒಂದು ಊರುಂಟು, ಕಡಲ ಬದಿಯಲ್ಲಿ. ನೀವೂ ಬನ್ನಿ.”

“ಕಡಲು ನೋಡ್ಲಿಕ್ಕೆ ಇಟಲಿಗೆ ಹೋಗ್ಬೇಕಾ ಮಾರಾಯ್ತಿ? ಊರಿನಲ್ಲಿ ನಮ್ಮ ಮನೆಯ ಹಿಂದೆ ಇರುವುದು ಎಂತ, ಕೆರೆಯಾ?”

“ಆ ಕಡಲನ್ನು ನಾನು ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಲ ನೋಡಿದ್ದೇನೆ, ನೀವೇ ಹೇಳಿ. ಮೀನು ತೆಗೊಳ್ಳಲಿಕ್ಕೆ ಹೋದದ್ದು ಬಿಟ್ಟು.”

ಮನೆಯಲ್ಲಿ ನಾವಾಡುವುದು ಕೊಂಕಣಿ; ಇಲ್ಲಿ ಬರೆಯುವಾಗ ಅದನ್ನು ನಮ್ಮ ಮಂಗಳೂರಿನ ಕನ್ನಡಕ್ಕೆ ಇಳಿಸಿದ್ದೇನೆ. ಅವರು ಮೂರು ಚಪಾತಿ ತಿಂದು ಕೈ ತೊಳೆದುಕೊಂಡರು.

ನಾನು ದುಬೈಯ ಒಂದು ಹೋಟೆಲಿನ ಹೌಸ್‌ಕೀಪಿಂಗ್‌ನಲ್ಲಿದ್ದೇನೆ. ಮೊದಲ ಹದಿನಾಲ್ಕು ವರ್ಷ ದಿನಕ್ಕೆ ಹದಿನಾರು ಕೋಣೆಗಳ ಹಾಸಿಗೆ ಹಾಕಿದೆ. ಆಮೇಲೆ ಸೂಪರ್‌ವೈಸರ್ ಆಗಿ, ಬೇರೆಯವರು ಹಾಕಿದ ಹಾಸಿಗೆಯನ್ನು ಪರೀಕ್ಷಿಸುವ ಕೆಲಸಕ್ಕೆ ಬಂದೆ. ಚಾದರದ ಮೂಲೆಯನ್ನು ಲಕೋಟೆಯ ಹಾಗೆ ಮಡಿಸಿ ಗಾದಿಯ ಕೆಳಗೆ ಸಿಕ್ಕಿಸಬೇಕು. ಮೇಲೆ ಅಂಗೈ ಎಳೆದರೆ ಒಂದು ನೆರಿಗೆಯೂ ಸಿಗಬಾರದು. ಸಿಕ್ಕಿದರೆ ನಾನು ಇಡೀ ಹಾಸಿಗೆಯನ್ನು ಕಿತ್ತುಹಾಕಿ ಮತ್ತೆ ಹಾಕಿಸುತ್ತೇನೆ. ಅದಕ್ಕೇ ಹುಡುಗಿಯರು ನನ್ನ ಬೆನ್ನ ಹಿಂದೆ ಏನೇನು ಹೆಸರಿಡುತ್ತಾರೋ ನನಗೆ ಗೊತ್ತು, ಇಡಲಿ.

ಏಳನೇ ಮಹಡಿಯ ಪ್ರತಿ ಕೋಣೆಯಲ್ಲೂ ಮಂಚದ ತಲೆಯ ಮೇಲೆ ಒಂದೇ ಚಿತ್ರ. ಹಳದಿ ಕಲ್ಲಿನ ಮನೆಗಳು ಮೆಟ್ಟಿಲು ಮೆಟ್ಟಿಲಾಗಿ ಕಡಲಿಗೆ ಇಳಿಯುತ್ತವೆ, ಕೆಳಗೆ ನಾಲ್ಕು ದೋಣಿ, ಮೇಲೆ ಒಂದು ಇಗರ್ಜಿಯ ಗೋಡೆ. ಅದನ್ನು ನಾವೆಲ್ಲ ‘ಹಳದಿ ಊರು’ ಎನ್ನುತ್ತಿದ್ದೆವು. ಚೌಕಟ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸಿರಾಕೂಸಾ ಎಂದು ಅಚ್ಚಾಗಿತ್ತು. ಆ ಹೆಸರಿನ ಮೇಲಿನ ಧೂಳನ್ನು ನಾನೆಷ್ಟು ಸಲ ಒರೆಸಿದ್ದೇನೋ ದೇವರಿಗೇ ಗೊತ್ತು. ಹಾಗೆ ಒರೆಸುವಾಗ ಒಂದು ದಿನವೂ ಅಲ್ಲಿಗೆ ಹೋಗಬೇಕೆಂದು ಅನಿಸಿರಲಿಲ್ಲ. ಸುಳ್ಳು ಯಾಕೆ ಹೇಳಲಿ?

ಅನಿಸಿದ್ದು ಈ ಏಪ್ರಿಲಿನಲ್ಲಿ, ಆಫೀಸಿನಿಂದ ಕಾಗದ ಬಂದ ದಿನ. ಡಿಸೆಂಬರಿಗೆ ನನಗೆ ಅರುವತ್ತು ತುಂಬುತ್ತದೆ, ಕಾಂಟ್ರ್ಯಾಕ್ಟ್ ಮುಂದುವರಿಯುವುದಿಲ್ಲ, ವೀಸಾ ರದ್ದಾಗುತ್ತದೆ. ಖಲಾಸ್. ಬಾಕಿ ಇರುವ ರಜೆಯನ್ನು ಅದರೊಳಗೆ ಮುಗಿಸಿಕೊಳ್ಳಬೇಕು. ಕಾಗದ ಹಿಡಿದುಕೊಂಡು ಏಳನೇ ಮಹಡಿಯ ಒಂದು ಖಾಲಿ ಕೋಣೆಯಲ್ಲಿ ನಿಂತೆ, ಮಂಚದ ಮೇಲೆ ಕೂರುವಂತಿಲ್ಲವಲ್ಲ. ನಿಂತಲ್ಲೇ ನನ್ನ ಇಪ್ಪತ್ತಾರು ರಜೆಗಳನ್ನು ನೆನಪು ಮಾಡಿಕೊಂಡೆ. ಒಂದು ನಾದಿನಿಯ ಮದುವೆ, ಇನ್ನೊಂದು ನಾದಿನಿಯ ಬಾಣಂತನ, ಮಾವನ ಆಪರೇಷನ್, ಅತ್ತೆಯ ವರ್ಷಾಂತಿಕ, ಮಾಡಿನ ಹಂಚು ಬದಲಾಯಿಸಿದ್ದು, ಬಾವಿಗೆ ಕಟ್ಟೆ ಕಟ್ಟಿಸಿದ್ದು. ಒಂದೊಂದು ರಜೆಗೂ ಒಂದೊಂದು ಹೆಸರಿತ್ತು, ನನ್ನ ಹೆಸರಿನದು ಒಂದೂ ಇರಲಿಲ್ಲ. ಅಲ್ಲೇ ಸಿಟ್ಟು ನೆತ್ತಿಗೇರಿತು. ಕಣ್ಣೆತ್ತಿದರೆ ಎದುರಿಗೆ ಹಳದಿ ಊರು.

ಡಿಸೆಂಬರಿನ ಮೇಲೆ ಹೋದರಾಯಿತಲ್ಲ ಎಂದು ನೀವು ಕೇಳಬಹುದು, ನನ್ನ ಗಂಡನೂ ಕೇಳಿದರು. ಊರಿಗೆ ಹೋಗಿ ನೆಲೆಸಿದ ಮೇಲೆ ನಾನು ಅತ್ತಿಗೆ, ದೊಡ್ಡಮ್ಮ, ಮೂಲೆಮನೆಯ ಬಾಯಮ್ಮ. ಇಗರ್ಜಿಯ ಹೂವಿನಿಂದ ಹಿಡಿದು ನೆರೆಯವರ ಸಾರಿನ ಉಪ್ಪಿನವರೆಗೆ ಎಲ್ಲದಕ್ಕೂ ನನ್ನನ್ನೇ ಕೂಗುತ್ತಾರೆ. ಅಲ್ಲಿಂದ ಒಂದು ವಾರವನ್ನು ಕಿತ್ತುಕೊಂಡು ಹೊರಡುವ ಶಕ್ತಿ ನನಗಿಲ್ಲ, ನನ್ನನ್ನು ನಾನು ಚೆನ್ನಾಗಿ ಬಲ್ಲೆ. ಹೋದರೆ ಈಗ, ಇಲ್ಲದಿದ್ದರೆ ಇಲ್ಲ.

ಮಗಳು ನಮ್ಮ ಪಕ್ಷಕ್ಕೆ ಬಂದಳು. ನಮ್ಮ ಎಂದರೆ ನನ್ನ ಮತ್ತು ಹಳದಿ ಊರಿನ. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ ಕೆಲಸ. ಸಂಜೆ ಸಿಲಿಕಾನ್ ಓಯಸಿಸ್‌ನ ನಮ್ಮ ಫ್ಲಾಟಿಗೆ ಬಂದವಳೇ ಲ್ಯಾಪ್‌ಟಾಪ್ ಬಿಡಿಸಿ ಕೂರುವಳು. ಓದಿ ಹೇಳುವಳು: ಆ ಚಿತ್ರದ ಇಗರ್ಜಿ ಮೊದಲು ಗ್ರೀಕರ ದೇವಸ್ಥಾನವಾಗಿತ್ತಂತೆ, ಆಮೇಲೆ ಇಗರ್ಜಿ, ನಡುವೆ ಸ್ವಲ್ಪ ಕಾಲ ಮಸೀದಿ, ಮತ್ತೆ ಇಗರ್ಜಿ. ಹಳೆಯ ಕಂಬಗಳು ಈಗಲೂ ಗೋಡೆಯೊಳಗೆ ನಿಂತಿವೆ. ಬಂದವರೆಲ್ಲ ಹೆಸರು ಬದಲಾಯಿಸಿದರು, ಕಂಬ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ನನಗೆ ಆ ಕಂಬಗಳ ಮೇಲೆ ಭಾರಿ ಪ್ರೀತಿ ಬಂತು.

ಮಗಳು ಏಳು ದಿನಕ್ಕೆ ಒಂದು ಪಟ್ಟಿ ಮಾಡಿದಳು. ಬೆಳಿಗ್ಗೆ ಎಂಟಕ್ಕೆ ಮೀನು ಮಾರ್ಕೆಟ್, ಒಂಬತ್ತೂವರೆಗೆ ಇಗರ್ಜಿ, ಹನ್ನೊಂದಕ್ಕೆ ಗ್ರೀಕರ ಬಯಲು ರಂಗಮಂದಿರ, ಹೀಗೆ. ನಾನು ಪೆನ್ನು ತೆಗೆದುಕೊಂಡು ಮೊದಲ ದಿನವನ್ನು ಪೂರ್ತಿ ಹೊಡೆದುಹಾಕಿದೆ. ‘ಏಳುವುದಿಲ್ಲ’ ಎಂದು ಬರೆದೆ.

“ಮಮ್ಮಿ, ಸೀರಿಯಸ್ಲಿ? ಅಷ್ಟು ದೂರ ಹೋಗಿ ಮಲಗೋದಾ?”

“ಹೌದು. ಬೇರೆಯವರು ಹಾಕಿದ ಹಾಸಿಗೆಯಲ್ಲಿ. ಎದ್ದ ಮೇಲೆ ಅದನ್ನು ಹಾಗೇ ಬಿಟ್ಟು ಹೊರಗೆ ಹೋಗ್ತೇನೆ. ನನಗೆ ಅಷ್ಟೇ ಬೇಕಾದದ್ದು. ಕಂಬಗಿಂಬ ಎಲ್ಲ ಎರಡನೇ ದಿನದಿಂದ.”

ಅವಳು ನಕ್ಕಳು. ನಾನು ತಮಾಷೆ ಮಾಡುತ್ತಿರಲಿಲ್ಲ ಎಂಬುದು ಅವಳಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು.

ಇನ್ನು ವೀಸಾ. ನಮ್ಮ ಪಾಸ್‌ಪೋರ್ಟಿಗೆ ಯುರೋಪ್ ಎಂದರೆ ಒಂದು ಕಟ್ಟು ಕಾಗದ. ಅದರಲ್ಲಿ ಮುಖ್ಯವಾದದ್ದು, ಅಲ್ಲಿಂದ ವಾಪಸು ಬಂದ ಮೇಲೂ ಮೂರು ತಿಂಗಳು ನಮ್ಮ ದುಬೈ ವೀಸಾ ಜೀವಂತವಿರಬೇಕು. ನನ್ನದು ಸಾಯುವುದು ಡಿಸೆಂಬರಿನ ಕೊನೆಗೆ. ಅಂದರೆ ಸೆಪ್ಟೆಂಬರ್ ದಾಟಿದರೆ ಬಾಗಿಲು ಮುಚ್ಚಿತು. ಕಾಗದ ಕೊಡುವ ದಿನಕ್ಕೇ ಸರತಿ. ಮಗಳು ವಾರಗಟ್ಟಲೆ ಫೋನು ಒತ್ತಿ ಒತ್ತಿ, ಹೊರಡಲು ಇಪ್ಪತ್ತೆರಡು ದಿನ ಉಳಿದಿರುವಾಗಿನ ಒಂದು ಬೆಳಿಗ್ಗೆಯನ್ನು ಹಿಡಿದಳು. ಇಬ್ಬರಿಗೆ. ನನ್ನ ಗಂಡ ಗೊಣಗುತ್ತಲೇ ತಮ್ಮ ಅರ್ಜಿಗೆ ಸಹಿ ಹಾಕಿದರು. ನಾನು ಗೆದ್ದೆ ಎಂದುಕೊಂಡೆ.

ಇಲ್ಲಿಯೇ ನಾನು ಎಡವಿದ್ದು. ನನ್ನ ಗಂಡ ಒಂದು ಸ್ಪೇರ್ ಪಾರ್ಟ್ಸ್ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಅವರು ಕಟ್ಟಿದ ಕಾರ್ಟನ್ ವಿಮಾನದಿಂದ ಬಿದ್ದರೂ ಒಡೆಯದು ಎಂದು ನಮ್ಮವರಲ್ಲಿ ಖ್ಯಾತಿ. ನೀಲಿ ನೈಲಾನ್ ಹಗ್ಗ, ಎರಡು ಸುತ್ತು ಟೇಪು, ದಪ್ಪ ಮಾರ್ಕರಿನಲ್ಲಿ ಹೆಸರು, ಊರು, ಪಿನ್‌ಕೋಡು. ಯಾರು ಊರಿಗೆ ಹೊರಟರೂ ಕಟ್ಟಲು ಇವರೇ ಬೇಕು. ನಾವು ಹೊರಟರಂತೂ ಎಲ್ಲರ ಪಾರ್ಸೆಲೂ ನಮ್ಮ ಮನೆಗೆ. ಇಂಥ ಮನುಷ್ಯ, ಇಟಲಿಗೆ ಹೋಗುತ್ತೇವೆ ಎಂದು ಯಾರಿಗೂ ಹೇಳಿರಲಿಲ್ಲ. ನಾಚಿಕೆಯಂತೆ! ಇಗರ್ಜಿಯಲ್ಲಿ, ಗೋದಾಮಿನಲ್ಲಿ, ಮಿರ್ದಿಫ್‌ನ ಅವರ ತಮ್ಮನ ಮನೆಯಲ್ಲಿ, ಎಲ್ಲ ಕಡೆ ಹೇಳಿದ್ದು ಇಷ್ಟೇ: “ಸೆಪ್ಟೆಂಬರಿನಲ್ಲಿ ರಜೆ ಉಂಟು, ಹೋಗ್ಲಿಕ್ಕುಂಟು.” ನಮ್ಮಲ್ಲಿ ರಜೆ ಎಂದರೆ ಊರು. ಬೇರೆ ಅರ್ಥ ಯಾರ ತಲೆಗೂ ಹೊಳೆಯುವುದಿಲ್ಲ.

ಅರ್ಜಿ ಕೊಡುವ ದಿನಕ್ಕೆ ಇನ್ನೊಂದು ವಾರವಿತ್ತು. ಡ್ಯೂಟಿ ಮುಗಿಸಿ ಮನೆಗೆ ಬಂದರೆ ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ಹಾಲಿನ ಪುಡಿಯ ಡಬ್ಬಗಳು, ಬಾದಾಮಿ, ಖರ್ಜೂರ, ಮೂರು ಕಂಬಳಿ, ಯಾರದೋ ಮೊಮ್ಮಗುವಿಗೆ ಕುದುರೆ ಬೊಂಬೆ, ಒಂದು ಮಿಕ್ಸಿ. ನಡುವೆ ನನ್ನ ಗಂಡ ಚಕ್ಕಳಮಕ್ಕಳ ಹಾಕಿ ಕೂತು, ಕೊಕ್ಕೆಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗುತ್ತಿದ್ದರು. ಮುಖದಲ್ಲಿ ಎಂಥ ಸಂತೋಷ! ನನ್ನನ್ನು ಕಂಡದ್ದೇ ಆ ಸಂತೋಷ ಇಳಿದುಹೋಯಿತು.

“ಎಂತ ಇದು?”

“ಅವರಾಗಿ ತಂದು ಕೊಟ್ರು. ಬೇಡ ಅಂತ ಹೇಗೆ ಹೇಳುವುದು?”

“ಬೇಡ ಅಂತ ಹೇಳುವುದು. ಅಷ್ಟೇ. ಎರಡಕ್ಷರ.”

“ನಿನಗೆ ಹೇಳ್ಲಿಕ್ಕೆ ಸುಲಭ.”

“ಸುಲಭವಾ? ನೋಡಿ, ಎಷ್ಟು ಸುಲಭ ಅಂತ ತೋರಿಸ್ತೇನೆ.”

ಮರುದಿನ ನನಗೆ ವಾರದ ರಜೆ. ಮಗಳ ಕಾರಿಗೆ ಎಲ್ಲವನ್ನೂ ತುಂಬಿಸಿ, ಬಾಗಿಲು ಬಾಗಿಲಿಗೆ ಹೋಗಿ ವಾಪಸು ಕೊಟ್ಟೆ. ಮಿರ್ದಿಫ್‌ನಲ್ಲಿ ಮೈದುನನ ಹೆಂಡತಿ ಕಂಬಳಿಗಳನ್ನು ಇಸಿದುಕೊಳ್ಳುತ್ತಾ, “ಇಟಲಿಗಾ? ಈ ಪ್ರಾಯದಲ್ಲಾ ಅಕ್ಕ?” ಎಂದಳು. “ಹೌದು, ಈ ಪ್ರಾಯದಲ್ಲೇ. ಇದಕ್ಕಿಂತ ಸಣ್ಣ ಪ್ರಾಯದಲ್ಲಿ ನಿನ್ನ ಬಾಣಂತನ ಮಾಡ್ತಾ ಇದ್ದೆನಲ್ಲ” ಎಂದೆ. ಅವಳ ಮುಖ ಸಣ್ಣದಾಯಿತು. ನನಗೆ ಪಾಪ ಅನಿಸಲಿಲ್ಲ. ಹೊರಡುವಾಗ ಅವಳೇ, “ಹಾಗಾದ್ರೆ ಬರುವಾಗ ಒಂದು ಬಾಟ್ಲಿ ಆಲಿವ್ ಎಣ್ಣೆ” ಎಂದಳು. ನಮ್ಮ ಜನ!

ಒಂದು ಪೊಟ್ಟಣ ಮಾತ್ರ ಕೈಯನ್ನು ಸುಟ್ಟಿತು. ಅದು ನಮ್ಮ ಹೋಟೆಲಿನ ಲಾಂಡ್ರಿಯವನದು. ಉಳ್ಳಾಲದ ಕಡೆಯ ಬ್ಯಾರಿ ಹುಡುಗನಾಗಿ ಬಂದವನು, ಈಗ ಗಡ್ಡ ನೆರೆತಿದೆ. ನನ್ನ ಚಾದರಗಳನ್ನು ಹದಿನೆಂಟು ವರ್ಷ ಇಸ್ತ್ರಿ ಮಾಡಿದವನು. ಪೊಟ್ಟಣದೊಳಗೆ ಊರಿನಲ್ಲಿರುವ ಅವನ ತಾಯಿಗೆ, ಅವನ ಮಾತಿನಲ್ಲಿ ಉಮ್ಮನಿಗೆ, ಮೊಣಕಾಲಿನ ಪಟ್ಟಿ, ಹೊಸ ಕನ್ನಡಕ. ಮಾರನೆಯ ದಿನ ಡ್ಯೂಟಿಯಲ್ಲಿ ಅದನ್ನು ಹಿಡಿದು ಲಾಂಡ್ರಿಯ ಬಾಗಿಲಲ್ಲಿ ನಿಂತಾಗ ನನ್ನ ಎರಡಕ್ಷರ ಅಷ್ಟು ಸುಲಭವಾಗಲಿಲ್ಲ. ಕೊನೆಗೆ ಹೇಗೋ ಹೇಳಿದೆ, ಊರಿಗಲ್ಲ, ಸುಮ್ಮನೆ ತಿರುಗಲಿಕ್ಕೆ ಬೇರೆ ಕಡೆ ಹೋಗುವುದೆಂದು.

ಅವನು ಪೊಟ್ಟಣ ತೆಗೆದುಕೊಂಡ. “ಸುಮ್ಮನೆಯಾ ಅಕ್ಕ?”

“ಸುಮ್ಮನೆ.”

“ಹೌದಾ!” ಅವನ ಮುಖ ಅರಳಿತು. “ಉಮ್ಮನಿಗೆ ಇನ್ನೊಬ್ಬರ ಕೈಲಿ ಕಳಿಸ್ತೇನೆ, ಅದಕ್ಕೆಂತ. ಆದ್ರೆ ಸುಮ್ಮನೆ ಹೋಗುವವರನ್ನು ನಮ್ಮಲ್ಲಿ ನಾನು ನೋಡಿದ್ದೇ ಇಲ್ಲ. ಯಲ್ಲಾ, ಹೋಗಿ ಬನ್ನಿ. ಬಂದು ಹೇಗುಂಟು ಅಂತ ಹೇಳ್ಬೇಕು.”

ಲಿಫ್ಟಿನಲ್ಲಿ ನನಗೆ ಅಳು ಬಂತು. ಇಂಥವನ ಪೊಟ್ಟಣವನ್ನು ಬೇಡವೆಂದೆನಲ್ಲ ಎಂದು ಒಂದು ಕಡೆ, ಸುಮ್ಮನೆ ಹೋಗುವುದು ಇಷ್ಟು ದೊಡ್ಡ ಸಂಗತಿಯಾಯಿತಲ್ಲ ಎಂದು ಇನ್ನೊಂದು ಕಡೆ. ಕಣ್ಣೊರೆಸಿಕೊಂಡು ಏಳನೇ ಮಹಡಿಗೆ ಹೋದೆ, ಎರಡು ಹಾಸಿಗೆ ಕಿತ್ತುಹಾಕಿಸಿದೆ.

ಸಂಜೆ ಮನೆಗೆ ಬಂದರೆ ನನ್ನ ಗಂಡ ಖಾಲಿ ಹಾಲ್‌ನಲ್ಲಿ ತಕ್ಕಡಿ ಹಿಡಿದು ಕೂತಿದ್ದರು. “ನನ್ನ ಮರ್ಯಾದೆ ತೆಗೆದೆ” ಎಂದರು. “ನಾನು ಇಟಲಿಗೆ ಬರುವುದಿಲ್ಲ. ಅದೇ ವಾರ ಊರಿಗೆ ಹೋಗ್ತೇನೆ. ಎಲ್ಲರಿಗೂ ಫೋನ್ ಮಾಡಿದ್ದೇನೆ, ಸಾಮಾನು ವಾಪಸು ತಂದು ಕೊಡ್ತಾರೆ. ನೀನು ಒಬ್ಬಳೇ ಹೋಗುವ ಧೈರ್ಯ ಉಂಟಾದ್ರೆ ಹೋಗು.”

ಇದು ನನ್ನನ್ನು ನಿಲ್ಲಿಸುವ ಕೊನೆಯ ಉಪಾಯವೆಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಸತ್ಯ ಹೇಳುತ್ತೇನೆ, ನನಗೆ ಒಬ್ಬಳೇ ಹೋಗುವ ಧೈರ್ಯ ಇರಲಿಲ್ಲ. ಮಂಗಳೂರು, ದುಬೈ ಬಿಟ್ಟು ಬೇರೆ ಯಾವ ಏರ್‌ಪೋರ್ಟಿನಲ್ಲೂ ನಾನು ಇಳಿದವಳಲ್ಲ. ಸಿಟ್ಟು ಮಾತ್ರ ಬೇಕಾದಷ್ಟಿತ್ತು. ಅವರ ಅರ್ಜಿಯನ್ನು ಕಡತದಿಂದ ತೆಗೆದು ಅವರ ಮುಂದಿಟ್ಟೆ. “ಆಯ್ತು” ಎಂದೆ. ಒಂದು ಉಪಕಾರವನ್ನು ಮಾತ್ರ ಕೇಳಿದೆ: ಲಾಂಡ್ರಿಯವನ ಉಮ್ಮನ ಪೊಟ್ಟಣವನ್ನು ಎಲ್ಲಕ್ಕಿಂತ ಮೇಲೆ ಇಡಬೇಕು, ಕನ್ನಡಕ ಒಡೆಯಬಾರದು. ಅವರು ತಲೆಯಾಡಿಸಿದರು.

ವೀಸಾ ಕೇಂದ್ರದ ಕೌಂಟರಿನಲ್ಲಿ ಒಬ್ಬ ಚಿಕ್ಕ ಹುಡುಗಿ, ಹಿಂದಿಯವಳು. ನನ್ನ ಹಳೆಯ ಪಾಸ್‌ಪೋರ್ಟುಗಳನ್ನು ತಿರುಗಿಸಿದಳು. ಪುಟ ಪುಟವೂ ಮಂಗಳೂರು, ದುಬೈ, ಮಂಗಳೂರು, ದುಬೈ.

“ಮ್ಯಾಡಮ್, ಬೇರೆ ಎಲ್ಲೂ ಹೋಗಿಲ್ವಾ?”

“ಇಲ್ಲ. ಅದಕ್ಕೇ ಈಗ ಹೋಗುವುದು.”

“ಹಸ್ಬೆಂಡ್ ಬರ್ತಿಲ್ವಾ?”

“ಅವರು ಊರಿಗೆ ಹೋಗ್ತಾರೆ. ಪಾರ್ಸೆಲ್ ಕೊಡ್ಲಿಕ್ಕೆ.”

ಅವಳಿಗೆ ನಗು ಬಂತು, ತಡೆದುಕೊಂಡಳು. ಆಮೇಲೆ ಪ್ರವಾಸದ ಕಾರಣ ಬರೆದ ಪತ್ರ ಕೇಳಿದಳು. ಮಗಳು ಮೊದಲು ಬರೆದದ್ದರಲ್ಲಿ ಭವ್ಯ ಪರಂಪರೆ, ಸಂಸ್ಕೃತಿ, ಇತಿಹಾಸ ಎಲ್ಲ ಇತ್ತು. ಅದನ್ನು ಹರಿದುಹಾಕಿ ನಾನು ಹೇಳಿದ ಹಾಗೆ ಬರೆಸಿದ್ದೆ. ಇಪ್ಪತ್ತಾರು ವರ್ಷ ಹೋಟೆಲಿನಲ್ಲಿ ಬೇರೆಯವರ ಹಾಸಿಗೆ ಹಾಕಿದ್ದೇನೆ, ಹಾಕಿಸಿದ್ದೇನೆ, ಆ ಕೋಣೆಗಳ ಗೋಡೆಯ ಮೇಲೆ ಈ ಊರಿನ ಚಿತ್ರವಿದೆ, ಡಿಸೆಂಬರಿಗೆ ನನ್ನ ಕೆಲಸ ಮುಗಿಯುತ್ತದೆ, ಅದರ ಮೊದಲು ಏಳು ದಿನ ಅಲ್ಲಿ ಅತಿಥಿಯಾಗಿ ಇರಬೇಕು, ಎಂಟನೇ ದಿನ ವಾಪಸು ಬಂದು ಡ್ಯೂಟಿಗೆ ಹಾಜರಾಗುತ್ತೇನೆ. ಅಷ್ಟೇ. ಹುಡುಗಿ ಓದಿದಳು. “ಕೆಲಸ ಮುಗಿಯುವುದನ್ನು ಬರೆದದ್ದು ಒಳ್ಳೇದಲ್ಲ ಮ್ಯಾಡಮ್, ರಿಜೆಕ್ಟ್ ಆಗಬಹುದು” ಎಂದು ಪಿಸುಗುಟ್ಟಿದಳು. ತೆಗೆಯಬೇಕಾ ಎಂದು ಮಗಳು ನನ್ನ ಮುಖ ನೋಡಿದಳು. ಬೇಡ ಎಂದೆ. ಬೇಡ ಎನ್ನುವುದು ಆ ವಾರದಲ್ಲಿ ಚೆನ್ನಾಗಿ ಅಭ್ಯಾಸವಾಗಿತ್ತು.

ಕಾದೆವು. ಒಂದು ವಾರ, ಎರಡು ವಾರ. ಮನೆಯ ಹಾಲ್‌ನಲ್ಲಿ ಪಾರ್ಸೆಲುಗಳು ಮತ್ತೆ ಬಂದು ತುಂಬಿದವು. ನನ್ನ ಗಂಡ ಕಾರ್ಟನ್ ಕಟ್ಟುತ್ತಿದ್ದರು, ನಾನು ಅದನ್ನು ದಾಟಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ. ಮಾತು ಅಷ್ಟಕ್ಕಷ್ಟೆ. ಹೊರಡಲು ನಾಲ್ಕು ದಿನ ಉಳಿದಾಗ ನಾನು ಸೋತೆ ಅಂದುಕೊಂಡೆ. ಡ್ಯೂಟಿಯಲ್ಲಿ ಆ ಚಿತ್ರವನ್ನು ನೋಡಲಾಗದೆ ಏಳನೇ ಮಹಡಿಯನ್ನು ಬೇರೆಯವಳಿಗೆ ಬಿಟ್ಟುಕೊಟ್ಟೆ. ಮೂರು ದಿನ ಉಳಿದಾಗ ಕೊರಿಯರಿನವನು ಬಂದ. ಲಕೋಟೆ ಒಡೆದು ಪುಟ ತಿರುಗಿಸಿದೆ. ನನ್ನ ಭಾವಚಿತ್ರ, ಕೆಳಗೆ ತಾರೀಕು. ಕೇಳಿದ ಏಳು ದಿನ, ಮೇಲೆ ಒಂದೆರಡು. “ದೇವ್ರೇ!” ಎಂದು ಕಾರ್ಟನ್ ಮೇಲೆಯೇ ಕೂತುಬಿಟ್ಟೆ.

“ಅದರಲ್ಲಿ ಮಿಕ್ಸಿ ಉಂಟು, ಏಳು ಮಾರಾಯ್ತಿ” ಎಂದರು ನನ್ನ ಗಂಡ.

ಹೊರಡುವ ದಿನ ಮಧ್ಯಾಹ್ನ ನನ್ನ ಸಣ್ಣ ಚೀಲವನ್ನು ಅಭ್ಯಾಸಬಲದಿಂದ ಕೊಕ್ಕೆಗೆ ಹಾಕಿದೆ. ಏಳು ಕಿಲೋ. ನಾನು ದುಬೈಗೆ ಬಂದಂದಿನಿಂದ ಅಷ್ಟು ಹಗುರವಾಗಿ ಎಲ್ಲಿಗೂ ಹೊರಟಿರಲಿಲ್ಲ. ಉಪ್ಪಿನಕಾಯಿ ಇಲ್ಲ, ಯಾರ ಹೆಸರಿನದೂ ಏನಿಲ್ಲ. ಸ್ನಾನ ಮಾಡಿ ಬಂದು ನೋಡಿದರೆ ಚೀಲಕ್ಕೆ ನೀಲಿ ನೈಲಾನ್ ಹಗ್ಗ ಬಿಗಿದಿದೆ, ಎರಡು ಸುತ್ತು. ನನ್ನ ಗಂಡ ಕಾರ್ಟನ್ನಿನ ಒಂದು ತುಂಡು ಕತ್ತರಿಸಿ, ಮಾರ್ಕರ್ ಹಿಡಿದು ಕೂತಿದ್ದರು. ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದಾಗಿತ್ತು.

“ಆ ಊರಿನ ಹೆಸರು ಎಂತ ಹೇಳಿದೆ? ಸ್ಪೆಲ್ಲಿಂಗ್ ಹೇಳು.”

ನಾನು ಒಂದೊಂದೇ ಅಕ್ಷರ ಹೇಳಿದೆ. ಅವರು ದಪ್ಪಗೆ ಬರೆದರು. ಪಿನ್‌ಕೋಡು ಕೇಳಿದರು, ನನಗೆ ಗೊತ್ತಿರಲಿಲ್ಲ. “ಪಿನ್‌ಕೋಡ್ ಗೊತ್ತಿಲ್ಲದ ಊರಿಗೆ ಹೊರಟದ್ದು” ಎಂದು ತಲೆ ಚಚ್ಚಿಕೊಂಡರು. ಆ ಹಗ್ಗವನ್ನು ನಾನು ಬಿಚ್ಚಲಿಲ್ಲ. ಮೂರು ಏರ್‌ಪೋರ್ಟುಗಳಲ್ಲಿ ಜನ ನೋಡಿದರು, ನೋಡಲಿ.

ಸಿರಾಕೂಸಾದಲ್ಲಿ ಮೊದಲ ಬೆಳಿಗ್ಗೆ ಐದಕ್ಕೇ ಎಚ್ಚರವಾಯಿತು. ಮುಖ ತೊಳೆಯುವ ಮೊದಲೇ ನನ್ನ ಕೈ ಚಾದರ ಎಳೆದಿತ್ತು, ಮೂಲೆ ಮಡಿಸಿತ್ತು, ದಿಂಬು ತಟ್ಟಿ ನಿಲ್ಲಿಸಿತ್ತು. ಅಂಗೈ ಎಳೆದು ನೋಡಿದೆ, ಒಂದು ನೆರಿಗೆಯಿಲ್ಲ. ಆಮೇಲೆ ಬುದ್ಧಿ ಬಂತು. “ಥೂ ನಿನ್ನ!” ಎಂದು ನನಗೆ ನಾನೇ ಜೋರಾಗಿ ಬೈದುಕೊಂಡೆ. ಚಾದರವನ್ನು ನಾಲ್ಕೂ ಮೂಲೆಯಿಂದ ಕಿತ್ತೆ, ಒಂದು ದಿಂಬನ್ನು ನೆಲಕ್ಕೆ ಎಸೆದೆ, ಮತ್ತೆ ಮಲಗಿದೆ. ಪಟ್ಟಿಯಲ್ಲಿ ಬರೆದಿತ್ತಲ್ಲ, ಏಳುವುದಿಲ್ಲ ಎಂದು.

ಹತ್ತು ಗಂಟೆಗೆ ಬಾಗಿಲು ಬಡಿದರು. ನನ್ನದೇ ಪ್ರಾಯದ ಹೆಂಗಸು, ಕೈಯಲ್ಲಿ ಹೊಸ ಚಾದರ. ಕೆದರಿದ ಹಾಸಿಗೆ ಕಂಡು ಆಮೇಲೆ ಬರುತ್ತೇನೆ ಎಂದು ಕೈಸನ್ನೆ ಮಾಡಿದಳು. ಬನ್ನಿ ಎಂದೆ, ಕನ್ನಡದಲ್ಲೇ. ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತೆ. ಹೊರಗೆ ಹಳದಿ ಮನೆಗಳು ಕಡಲಿಗೆ ಇಳಿಯುತ್ತಿದ್ದವು. ನಾನು ನೋಡುತ್ತಿದ್ದದ್ದು ಅವಳ ಕೈಗಳನ್ನು. ಬಲಗಡೆಯ ಮೂಲೆ ಚೆನ್ನಾಗಿ ಮಡಿಸಿದಳು. ಎಡಗಡೆಯದು ಸಡಿಲವಾಯಿತು, ನಡುವೆ ಒಂದು ನೆರಿಗೆಯೂ ಉಳಿಯಿತು. ನನ್ನ ಎರಡು ಕೈಗಳನ್ನೂ ತೊಡೆಯ ಕೆಳಗೆ ಒತ್ತಿ ಹಿಡಿದು ಕೂತೆ. ಅವಳು ದಿಂಬು ಇಟ್ಟು ನನ್ನ ಕಡೆ ನೋಡಿದಳು, ಸರಿಯಾಯಿತಾ ಎಂಬಂತೆ.

ಭಾರಿ ಚೆಂದ ಆಯ್ತು ಎಂದೆ. ಏಳಲಿಲ್ಲ.